ಒತ್ತಿಗೆಷ್ಟು?

ಅಕ್ಷರಕ್ಕೆ ಹದಿನೈದು ರೂಪಾಯಿ, ಅಂತ ನಾನು.
ಒತ್ತಿಗೆಷ್ಟು, ಅಂತ ಬೆಲ್ಲದ ಮಂಡಿಯವರು.
ಒತ್ತೂ ಅಕ್ಷರವೇ ಸ್ವಾಮಿ, ಕೆಳಗೆ ಕೂತಿದೆ ಅಷ್ಟೆ,
ಅದಕ್ಕೂ ಬಣ್ಣ ಬೇಕು, ಕುಂಚ ಬೇಕು,
ಬಗ್ಗಿ ಬರೆಯೋಕೆ ನನ್ನ ಸೊಂಟ ಬೇಕು.
ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ
ಇಪ್ಪತ್ತಾರು ವರ್ಷ ನಡೆದ ಜಗಳ ಇದು.
ಇಂಗ್ಲಿಷ್ ಬೋರ್ಡಿನವರು ಈ ತಕರಾರು ತೆಗೆದವರಲ್ಲ.
ಅಲ್ಲಿ ಒತ್ತೇ ಇಲ್ಲ, ಅಂದುಕೊಂಡಿದ್ದೆ.

ಆಮೇಲೆ ಬಂದರು ಹೊಟ್ಟೆಯ ಡಾಕ್ಟರು.
ತಗಡು ಮೂರಡಿ, ಪದ
ಗ್ಯಾಸ್ಟ್ರೋಎಂಟರಾಲಜಿಸ್ಟ್.
ಹದಿನೆಂಟು ಅಕ್ಷರ. ಹಿಡಿಸುವುದು ಹತ್ತು.
ಹತ್ತಕ್ಕೆ ಕತ್ತರಿಸಿ, ಅಡ್ಡಗೆರೆ ಎಳೆದು,
ಉಳಿದದ್ದನ್ನು ಕೆಳಗಿಳಿಸಿ
ಏಣಿಯ ಮೇಲಿಂದ ತಿರುಗಿದರೆ
ಛತ್ರಿ ಹಿಡಿದು ನಿಂತಿದ್ದಾರೆ ಫಿಲೋಮಿನಾ ಟೀಚರ್,
ರಿಟೈರಾಗಿ ಹನ್ನೊಂದು ವರ್ಷ,
ಕೆಂಪು ಪೆನ್ನು ಮಾತ್ರ ಇನ್ನೂ ಸೇವೆಯಲ್ಲಿದೆ.

ಕಾಳಾಚಾರ್, ಇಳೀರಿ ಕೆಳಗೆ.
ಗದ್ದದ ಕೆಳಗೆ ಅಂಗೈ ಇಡಿ. ಈಗ ಹೇಳಿ.
ಗ್ಯಾಸ್. ಟ್ರೋ. ಎನ್. ಟ. ರಾ. ಲ. ಜಿಸ್ಟ್.
ಏಳು ಸಲ ಗದ್ದ ಕೈಗೆ ತಾಗಿತು.
ಎದುರಿನ ಸೈಕಲ್ ಶಾಪಿನ ಹುಡುಗರು
ತಾವೂ ಗದ್ದ ಹಿಡಿದು ಕೂತರು.
ಬಾಯಿ ಕತ್ತರಿಸೋ ಜಾಗದಲ್ಲೇ ಕತ್ತರಿಸಿದ್ದೀರಿ,
ಶಹಭಾಸ್, ಅಂದರು ಟೀಚರ್,
ಆದರೆ ಅರ್ಥ ಅಲ್ಲಿ ಕತ್ತರಿಸೋದಿಲ್ಲ.
ಗ್ಯಾಸ್ಟ್ರೋ ಹೊಟ್ಟೆ, ಎಂಟರ್ ಕರುಳು,
ಮಿಕ್ಕಿದ್ದು ಬಲ್ಲವನು.
ಈ ರಕಾರ ಇದೆಯಲ್ಲ,
ಹುಟ್ಟಿದ್ದು ಕರುಳಿನ ಮನೆ,
ಬಾಳುವೆ ಪಕ್ಕದ ಮನೆ.

ಕೇಳುತ್ತಾ ನನ್ನ ಬಣ್ಣ ಒಣಗಿತು.

ಬಾಲ ನೋಡಿ ಪ್ರಾಣಿ ಗುರುತಿಸಿ, ಅಂದರು ಇನ್ನೊಂದು ದಿನ.
ಐಟಿಸ್ ಅಂದರೆ ಊತ. ಓಮಾ ಅಂದರೆ ಗಡ್ಡೆ.
ಮತ್ತೊಂದು ದಿನ ಸ್ಟುಡಿಯೋ ಬೋರ್ಡಿನ ಕೆಳಗೆ:
ಫೋಟೋಗ್ರಾಫ್, ಭಾರ ಮೊದಲಿನದರ ಮೇಲೆ.
ಫಟಾಗ್ರಫರ್, ಎರಡನೆಯದಕ್ಕೆ ಜಾರಿತು.
ಫೋಟಗ್ರಾಫಿಕ್, ಮೂರಕ್ಕೆ.
ಕೊಬ್ಬರಿ ಮಂಡಿಯ ಹಮಾಲರ ಹಾಗೆ,
ಮೂಟೆ ಒಂದೇ, ಹೆಗಲು ಬೇರೆ;
ಹೊರದವರು ಬಾಯೊಳಗೇ ಮುದುಡಿಕೊಳ್ಳುತ್ತಾರೆ.
ಅದೇ ಒತ್ತು, ಅಂದರು.
ಎಲ್ಲಿ, ಅಂದೆ. ನನ್ನ ಬೋರ್ಡಿನಲ್ಲಿ
ಎಲ್ಲವೂ ಆರಿಂಚು, ಎಲ್ಲವೂ ನೀಲಿ.
ನಮ್ಮ ಒತ್ತು ಕೆಳಗೆ ನೇತಾಡುತ್ತೆ, ಕೂಲಿ ಕೇಳುತ್ತೆ.
ಅವರದು ಬರೆಯೋಕೆ ಸಿಗೋದಿಲ್ಲ ಕಾಳಾಚಾರ್,
ಹೇಳಿದವನ ಬಾಯಲ್ಲಿ ಕೇಳಿಸಿಕೊಳ್ಳಬೇಕು.

ಹೋದ ಶ್ರಾವಣದಲ್ಲಿ ಮಂಗಳಳಿಗೆ
ಬಲಪಕ್ಕೆ ಹಿಡಿದುಕೊಂಡು ಬಿಡಲಿಲ್ಲ.
ಹಾಸನದ ಆಸ್ಪತ್ರೆ, ಎರಡನೇ ಮಹಡಿ,
ಅದೇ ಹೊಟ್ಟೆಯ ಡಾಕ್ಟರು,
ನರ್ಸಿಗೆ ಇಂಗ್ಲಿಷಲ್ಲಿ ಏನೋ ಅಂದು ನಡೆದರು.
ಭಾವಮೈದ ಗೋಡೆ ಹಿಡಿದು ಕೂತೇಬಿಟ್ಟ:
ಇಷ್ಟುದ್ದದ ಕಾಯಿಲೆಯೇ ಭಾವ?
ಅತ್ತಿಗೆ ಸೆರಗು ಬಾಯಿಗೆ.
ನಾನು ಗದ್ದದ ಕೆಳಗೆ ಅಂಗೈ ಇಟ್ಟೆ.
ಕೋ. ಲಿ. ಸಿಸ್.
ಇನ್ನು ಗಡ್ಡೆಯ ಬಾಲ ಬಂದರೆ?
ಬಾಯಿ ಅಲ್ಲೇ ನಿಂತಿತು.
ಡಾಕ್ಟರು ಹೇಳಿದ್ದನ್ನು ಮತ್ತೆ ಕಿವಿಯಲ್ಲಿ ಹುಡುಕಿದೆ.
ಟೈ. ಟಿಸ್.
ಪೂರ್ತಿ ಮೂಟೆ ಆ ಟೈ ಮೇಲೆ ಕೂತಿತ್ತು,
ಊತದ ನೆತ್ತಿಯ ಮೇಲೇ.
ತಲೆ ಏನೋ ಗೊತ್ತಿಲ್ಲ, ಬಾಲ ಊತದ್ದು,
ಏಳಯ್ಯ ವೀರಭದ್ರ, ಎದ್ದೇಳು,
ಅಂದವನೇ ಕೆಳಗಿಳಿದು
ಆರು ಟೀ ತಂದೆ, ನಾವು ನಾಲ್ಕೇ ಜನ.
ಒಂದನ್ನು ವಾಚ್‌ಮನ್ ಕುಡಿದ,
ಇನ್ನೊಂದು ಕಿಟಕಿಯ ಮೇಲೆ ತಣ್ಣಗಾಯಿತು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಕರೆದರು.
ಬೋರ್ಡು ಮಾಸಿದೆ ಕಾಳಾಚಾರ್,
ಈ ಸಲ ಕನ್ನಡದಲ್ಲೂ ಇರಲಿ,
ಹೊಟ್ಟೆ ಮತ್ತು ಕರುಳಿನ ತಜ್ಞರು, ಅಂತ.
ಬೆರಳಲ್ಲಿ ಎಣಿಸಿದೆ: ಟ್ಟೆ, ತ್ತು, ಜ್ಞ.
ಒತ್ತಿಗೆಷ್ಟು, ಅಂತ ಅವರೂ ಕೇಳಿದರು, ನಗುತ್ತಾ.
ಜ್ಞಕ್ಕೆ ಸ್ವಲ್ಪ ಬಗ್ಗಬೇಕಾಗುತ್ತೆ ಸಾರ್, ಅಂದೆ.
ಬಗ್ಗಿ ಬರೆದೆ.
ಲೆಕ್ಕದ ಚೀಟಿಯಲ್ಲಿ
ಆ ಮೂರನ್ನು ಸೇರಿಸಲಿಲ್ಲ.
ಬೆಲ್ಲದ ಮಂಡಿಯವರಿಗೆ ಇದು ತಿಳಿಯಬಾರದು.